ಅತಿಥಿಯ ಗಾಳ, ಊರಿನ ನೀರು

ನೀರು ಯಾರದೆಂಬ ಪ್ರಶ್ನೆಯು ಬೇಸಗೆ ಬಂದೊಡನೆ ಬಾವಿಯ ಕಟ್ಟೆಯ ಮೇಲೆ ಹುಟ್ಟುವುದು ಲೋಕರೂಢಿ. ಆದರೆ ನೀರಿನೊಳಗಿನ ಮೀನು ಯಾರದು, ಅದನ್ನು ವಿನೋದಕ್ಕಾಗಿ ಹಿಡಿಯಬಂದ ಪರಸ್ಥಳದವನಿಗೆ ದಾರಿ ಬಿಡಬೇಕೇ, ಬಿಟ್ಟರೆ ಯಾವ ಕಟ್ಟುಪಾಡಿನ ಮೇಲೆ ಬಿಡಬೇಕು ಎಂಬುದನ್ನು ನಾವು ಮನೆಗಳಲ್ಲಿ ಆಲೋಚಿಸುವುದು ಅಪೂರ್ವ. ಮೀನು ತಿನ್ನುವವರಿಗಾಗಲಿ ತಿನ್ನದವರಿಗಾಗಲಿ ಈ ವಿಚಾರವು ಸಮಾನವಾಗಿ ಸಂಬಂಧಿಸಿದುದು. ಏಕೆಂದರೆ ಇದು ನಾಲಗೆಯ ಮಾತಲ್ಲ, ಮನೆಗೆ ಬಂದ ಅತಿಥಿಯನ್ನೂ ಊರಿನ ಬಡವನನ್ನೂ ಏಕಕಾಲಕ್ಕೆ ಹೇಗೆ ಕಾಣಬೇಕೆಂಬ ಮಾತು.

ದೇವದುರ್ಗದ ಸೀಮೆಯ ಮಸರಕಲ್ಲಿನಂತಹ ಗ್ರಾಮಗಳಲ್ಲಿ ಈ ಪ್ರಶ್ನೆಗೆ ಹಿಂದೆ ಇಲ್ಲದ ಅರ್ಥವು ಈಗ ಬಂದಿದೆ. ಕೃಷ್ಣೆಯ ನೀರು ನಾರಾಯಣಪುರದ ಬಲದಂಡೆ ಕಾಲುವೆಯ ಮೂಲಕ ಈ ತಾಲ್ಲೂಕಿಗೆ ಹರಿದುಬಂದಿತು. ಮಳೆಯನ್ನೇ ನಂಬಿದ ಹೊಲಗಳಿಗಾಗಿ ರಾಜ್ಯದಲ್ಲಿ ೨೦೧೪ರಲ್ಲಿ ಕೃಷಿಭಾಗ್ಯ ಯೋಜನೆಯು ಆರಂಭವಾದ ತರುವಾಯ ಕೃಷಿಹೊಂಡವೆಂಬ ಮಾತು ಎಲ್ಲರ ಬಾಯಿಗೂ ಬಂದಿತು. ಹೊಂಡವಿದ್ದಲ್ಲಿ ಮೀನುಮರಿ ಬಿಡುವ ಆಸೆ ಸಹಜ. ಮೀನು ಬೆಳೆದಲ್ಲಿ, ಪಟ್ಟಣದ ವಿನೋದಪ್ರಿಯರಿಂದ ದಿನಕ್ಕಿಷ್ಟೆಂದು ಹಣ ಪಡೆದು ಗಾಳ ಹಾಕಲು ಬಿಟ್ಟರೇನೆಂಬ ಯೋಚನೆಯೂ ಸಹಜ. ಒಕ್ಕಲುತನದ ಆದಾಯವು ಮಳೆಯ ಮರ್ಜಿಯಲ್ಲಿರುವಾಗ ಇಂತಹ ಉಪವೃತ್ತಿಯನ್ನು ಹಳಿಯುವುದು ನ್ಯಾಯವಲ್ಲ. ಆದರೆ ಕಾರ್ಯಕ್ಕೆ ಮೊದಲು ಅದರ ಗುಣದೋಷಗಳನ್ನು ತೂಗಿ ನೋಡತಕ್ಕದ್ದು.

ಈ ವಿನೋದವು ಇಂಗ್ಲೆಂಡಿನಲ್ಲಿ ಬಹಳವಾಗಿ ಬೆಳೆದಿದೆ. ಅಲ್ಲಿ ಖಾಸಗಿ ಒಡೆತನದ ಚಿಕ್ಕ ಸರೋವರಗಳಲ್ಲಿ ಟ್ರೌಟ್ ಎಂಬ ಮೀನನ್ನು ಸಾಕಿ ತಂದು ಬಿಡುವರು. ಬಂದವನು ಒಂದು ದಿನದ ಚೀಟಿ ಕೊಳ್ಳುವನು. ಎಷ್ಟು ಮೀನು ಒಯ್ಯಬಹುದು, ಎಷ್ಟನ್ನು ಮರಳಿ ನೀರಿಗೆ ಬಿಡಬೇಕು ಎಂಬುದು ಮೊದಲೇ ಗೊತ್ತಾಗಿರುವುದು. ಗಾಳಕ್ಕೆ ಎರೆಹುಳು ಸಿಕ್ಕಿಸುವುದಿಲ್ಲ. ಗರಿ, ರೋಮ, ದಾರಗಳಿಂದ ಕಟ್ಟಿದ ಕೃತಕವಾದೊಂದು ನೊಣವನ್ನು ನೀರಿನ ಮೇಲೆ ಹಾರಿಸಿ ಇಳಿಸುವರು. ಆ ನೊಣಕ್ಕೆ ಭಾರವೇ ಇಲ್ಲದುದರಿಂದ ದಾರದ ಭಾರವೇ ಅದನ್ನು ದೂರಕ್ಕೆ ಒಯ್ಯಬೇಕು. ಇದನ್ನು ಕೈವಶ ಮಾಡಿಕೊಳ್ಳಲು ತಾಳ್ಮೆಯೂ ಅಭ್ಯಾಸವೂ ಬೇಕು.

ಹಾಗಾದರೆ ಆ ಟ್ರೌಟನ್ನೇ ನಮ್ಮ ಹೊಂಡಕ್ಕೂ ತರಬಾರದೇಕೆಂದು ಕೇಳುವವರುಂಟು. ಅದು ತಣ್ಣೀರಿನ ಜೀವಿ. ನೀರಿನ ಉಷ್ಣತೆ ಸುಮಾರು ೨೦ ಡಿಗ್ರಿಯನ್ನು ಮೀರಿದರೆ ಅದಕ್ಕೆ ಕಷ್ಟಕಾಲ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಪ್ರಾಣವಾಯುವು ಕಡಿಮೆಯಾಗುವುದು. ೧೦ ಡಿಗ್ರಿಯಲ್ಲಿ ಲೀಟರಿಗೆ ೧೧ ಮಿಲಿಗ್ರಾಮಿಗೂ ಮಿಕ್ಕಿ ಕರಗಬಲ್ಲ ವಾಯುವು ೩೦ ಡಿಗ್ರಿಯಲ್ಲಿ ಏಳೂವರೆಗೆ ಇಳಿಯುವುದು. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ದಾಟುವ ರಾಯಚೂರಿನ ಬಿಸಿಲಿನಲ್ಲಿ ಟ್ರೌಟ್ ಬದುಕುವುದೆಂಬುದು ಬಂಡೆಯ ಮೇಲೆ ಭತ್ತ ಬಿತ್ತಿದ ಹಾಗೆ. ದಕ್ಷಿಣದೇಶದಲ್ಲಿ ಅದಕ್ಕೆ ಮುಖ್ಯವಾಗಿ ನೆಲೆ ಸಿಕ್ಕಿದ್ದು ನೀಲಗಿರಿಯ ಎತ್ತರದಲ್ಲಿ ಮತ್ತು ಮುನ್ನಾರಿನ ಚಹಾ ಸೀಮೆಯಲ್ಲಿ. ನೀಲಗಿರಿಯಲ್ಲಿಯೂ ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಫ್ರಾನ್ಸಿಸ್ ಡೇ ಎಂಬವರು ಮಾಡಿದ ಪ್ರಯತ್ನವು ಫಲಿಸಲಿಲ್ಲ. ೧೯೦೭ರ ಸುಮಾರಿಗೆ ಅವಲಾಂಚಿಯಲ್ಲಿ ವಿಲ್ಸನ್ನರ ಉದ್ಯೋಗವು ಕೈಗೂಡಿತು. ಆ ಬೆಟ್ಟದಲ್ಲಿ ಬೇಟೆಗೂ ಮೀನಿಗೂ ಸೇರಿಸಿ ೧೮೭೯ರಲ್ಲಿಯೇ ಕಾಯಿದೆ ಬಂದಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಮೀನು ನೆಲೆಗೊಳ್ಳುವುದಕ್ಕೆ ಮೊದಲೇ ಕಟ್ಟಳೆ ನೆಲೆಗೊಂಡಿತ್ತು!

ನಮ್ಮ ನಾಡಿನಲ್ಲಿ ಗಾಳದ ವಿನೋದಕ್ಕೆ ಹೆಸರಾದ ಮೀನು ಮಹಶೀರ್. ೧೯೪೬ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ ೧೨೦ ಪೌಂಡು, ಅಂದರೆ ಸುಮಾರು ೫೪ ಕಿಲೋಗ್ರಾಮು ತೂಗಿತು. ಆ ಬಳಿಕ ಸಿಡಿಮದ್ದಿನಿಂದಲೂ ವಿಷದಿಂದಲೂ ಹೊಳೆಯ ಮಡುಗಳು ಬರಿದಾಗತೊಡಗಿದುವು. ೧೯೭೨ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ವನ್ಯಜೀವಿ ಸಂಘವು ಕಾವೇರಿಯ ಒಂದು ಭಾಗವನ್ನು ಕಾಯಲು ಮುಂದಾಯಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಬಿಡಾರಗಳೆದ್ದುವು. ದೇಶಾಂತರದಿಂದ ಗಾಳಗಾರರು ಬಂದರು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮರಳಿ ನೀರಿಗೆ ಬಿಡುವುದು ಅಲ್ಲಿನ ನಿಯಮ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರೇ ಅತಿಥಿಗಳ ಮಾರ್ಗದರ್ಶಕರೂ ಹೊಳೆಯ ಕಾವಲುಗಾರರೂ ಆದರು. ಹರಿಗೋಲು ನಡೆಸಬಲ್ಲವನ ವಿದ್ಯೆಗೆ ಮರ್ಯಾದೆಯ ಕೂಲಿ ದೊರೆಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಪ್ರದೇಶವು ೧೯೮೭ರಿಂದ ವನ್ಯಜೀವಿಧಾಮ. ವನ್ಯಧಾಮದೊಳಗೆ ವಿನೋದದ ಗಾಳವು ಕಾಯಿದೆಗೆ ಹೊಂದದೆಂದು ೨೦೧೨ರ ವೇಳೆಗೆ ಅದು ನಿಂತಿತು. ಕಾಡೆಂದರೆ ಕಾಡುಜೀವಿಗಳ ಮನೆ, ಅಲ್ಲಿ ನೋಯಿಸುವ ಆಟ ಸಲ್ಲದೆನ್ನುವವರ ಮಾತಿನಲ್ಲಿ ತಿರುಳಿದೆ. ಗಾಳಗಾರನ ಜೊತೆಗೆ ಕಾವಲುಗಾರನೂ ಹೋದನೆನ್ನುವವರ ದುಃಖದಲ್ಲಿಯೂ ಸತ್ಯವಿದೆ.

ಇದಕ್ಕಿಂತಲೂ ಸೋಜಿಗದ ಸಂಗತಿಯೊಂದುಂಟು. ಗಾಳಿಬೋರೆಯಲ್ಲಿ ಅತಿಥಿಗಳು ೧೯೯೮ರಿಂದ ಬರೆದಿಟ್ಟ ಲೆಕ್ಕದ ಪುಸ್ತಕಗಳನ್ನು ಮುಂದೆ ವಿಜ್ಞಾನಿಗಳು ಪರಿಶೀಲಿಸಿದಾಗ, ಕಾವೇರಿಯ ಸ್ವಂತದ ಡುಬ್ಬದ ಮಹಶೀರ್ ವರ್ಷ ವರ್ಷಕ್ಕೂ ವಿರಳವಾದುದೂ, ಅದರ ಸ್ಥಳದಲ್ಲಿ ನೀಲಿರೆಕ್ಕೆಯ ಮತ್ತೊಂದು ಮಹಶೀರ್ ಹೆಚ್ಚಿದುದೂ ಕಂಡುಬಂದಿತು. ಈ ಎರಡನೆಯದು ಯಾವ ಊರಿನದು? ನಮ್ಮ ಕೃಷ್ಣೆಯ ಜಲಸಂತತಿಗೆ ಸೇರಿದುದೇ! ಪುಣೆಯ ಮುಳಾ–ಮುಠಾ ನದಿಯ ಮೀನನ್ನು ನೋಡಿ ಸೈಕ್ಸ್ ಎಂಬ ವಿದ್ವಾಂಸರು ೧೮೩೯ರಲ್ಲಿ ಇದಕ್ಕೆ ಹೆಸರಿಟ್ಟರು. ಮಹಶೀರ್ ಕುಲವನ್ನು ಉದ್ಧರಿಸುವ ಸದುದ್ದೇಶದಿಂದಲೇ ಇದನ್ನು ಮರಿಮಾಡಿಸಿ ಕಾವೇರಿಗೆ ಬಿಡಲಾಗಿತ್ತು. ಕಾವೇರಿಯ ಮೂಲನಿವಾಸಿಗೆ ೨೦೧೮ರಲ್ಲಿ ಶಾಸ್ತ್ರೀಯ ನಾಮವು ನಿಶ್ಚಯವಾಯಿತು. ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ಅತ್ಯಂತ ಸಂಕಟದ ಸ್ಥಾನವೂ ಅದಕ್ಕೆ ದೊರೆಯಿತು. ಒಂದು ಹೊಳೆಯ ಮಗಳು ಇನ್ನೊಂದು ಹೊಳೆಗೆ ಹೋದರೆ ಸೊಸೆಯಾಗುವಳೆಂಬ ಭರವಸೆಯಿಲ್ಲ, ಸವತಿಯಾಗಲೂಬಹುದು. ಸದುದ್ದೇಶವೊಂದೇ ಸಾಲದು, ವಿವೇಕವೂ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಈ ಅನುಭವಗಳಿಂದ ಹೊಂಡವುಳ್ಳ ಗೃಹಸ್ಥನು ತಿಳಿಯತಕ್ಕ ಅಂಶಗಳನ್ನು ನಾವು ಸಂಗ್ರಹವಾಗಿ ಹೇಳುವೆವು.

ಮೊದಲನೆಯದಾಗಿ, ತನ್ನ ಹೊಂಡಕ್ಕೂ ಊರಿನ ಕೆರೆಗೂ ಇರುವ ಭೇದವನ್ನು ಮರೆಯಬಾರದು. ಕೆರೆಯ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆಯಾಗಲಿ ಗ್ರಾಮಪಂಚಾಯತಿಯಾಗಲಿ ಗುತ್ತಿಗೆಗೆ ಕೊಡುವುದುಂಟು. ಸಾಲ ಮಾಡಿ ಮರಿ ಬಿಟ್ಟ ಬೆಸ್ತರ ಸಂಘಕ್ಕೆ ಅಲ್ಲಿನ ಒಂದೊಂದು ಮೀನೂ ಮನೆಯ ಅಕ್ಕಿಬೇಳೆ. ಅವರನ್ನು ಕೇಳದೆ ಪರಸ್ಥಳದವನನ್ನು ಆ ದಡಕ್ಕೆ ಕರೆದೊಯ್ಯುವುದು ನೆರೆಮನೆಯ ಕಣಜದಿಂದ ತನ್ನ ಅತಿಥಿಗೆ ಉಣಬಡಿಸಿದಂತೆ. ಅನುಮತಿ ಕೇಳಿ, ಬಂದ ಹಣದಲ್ಲಿ ನ್ಯಾಯವಾದ ಪಾಲು ಕೊಟ್ಟು, ಅವರಲ್ಲಿಯೇ ಒಬ್ಬನನ್ನು ಮಾರ್ಗದರ್ಶಕನನ್ನಾಗಿ ನಿಯಮಿಸಿದರೆ ವಿರೋಧವು ಸಹಕಾರವಾಗುವುದು.

ಎರಡನೆಯದಾಗಿ, ಕಾಟ್ಲಾ, ರೋಹು, ಮೃಗಾಲ್‌ಗಳಂತಹ ಪರಿಚಿತ ಮೀನುಗಳೇ ಹೊಂಡಕ್ಕೆ ಸಾಕು. ಬೇಗ ಬೆಳೆಯುವುದೆಂಬ ಆಸೆಯಿಂದ ನಿಷಿದ್ಧವಾದ ಆಫ್ರಿಕದ ಕ್ಯಾಟ್‌ಫಿಷ್ ಮುಂತಾದುವನ್ನು ತರಬಾರದು. ಜಡಿಮಳೆಗೆ ಕೋಡಿ ಹರಿದೊಡನೆ ಹೊಂಡದ ಮೀನು ಹಳ್ಳಕ್ಕೆ, ಹಳ್ಳದ ಮೀನು ಕೃಷ್ಣೆಗೆ ಸೇರುವುದು. ಆಮೇಲೆ ಹಿಂದಕ್ಕೆ ಕರೆಯಬಲ್ಲವರಾರು?

ಮೂರನೆಯದಾಗಿ, ಮರಳಿ ಬಿಟ್ಟ ಮೀನೆಲ್ಲವೂ ಬದುಕುವುದೆಂದು ಭಾವಿಸಬಾರದು. ಬಿಸಿನೀರಿನಲ್ಲಿ ಸೆಣಸಿ ದಣಿದ ಮೀನು, ಬಿಟ್ಟ ಮೇಲೆ ಕಣ್ಮರೆಯಲ್ಲಿ ಸಾಯುವುದುಂಟು. ಆದುದರಿಂದ ಕಡುಬೇಸಗೆಯಲ್ಲಿ ಈ ಆಟವನ್ನು ನಿಲ್ಲಿಸತಕ್ಕದ್ದು. ಚಳಿಗಾಲದಲ್ಲಿಯೂ ನಸುಕು ಹರಿಯುವ ಮೊದಲು ಹೊಂಡದ ನೀರಿನಲ್ಲಿ ಪ್ರಾಣವಾಯುವು ಅತ್ಯಲ್ಪವಾಗಿರುವುದರಿಂದ, ಹೊತ್ತು ಕೊಂಚ ಏರಿದ ಮೇಲೆಯೇ ಗಾಳ ಹಾಕುವುದು ಲೇಸು. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿರಬೇಕು. ಕೈ ಒದ್ದೆಮಾಡಿಕೊಂಡೇ ಮೀನನ್ನು ಮುಟ್ಟಬೇಕು. ಭಾವಚಿತ್ರದ ಚಪಲಕ್ಕಾಗಿ ಅದನ್ನು ಬಹಳ ಹೊತ್ತು ಗಾಳಿಯಲ್ಲಿ ಹಿಡಿದಿರಬಾರದು. ಒಯ್ಯುವ ಮೀನನ್ನಾದರೋ ಒಡನೆಯೇ ಕೊಲ್ಲುವುದು ದಯೆ. ಒದ್ದಾಡಿಸಿ ಸಾಯಿಸುವುದು ಕ್ರೌರ್ಯ.

ನಾಲ್ಕನೆಯದು ಸೋದರಿಯರು ವಿಶೇಷವಾಗಿ ಗಮನಿಸತಕ್ಕ ಮಾತು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡದ ಇಳಿಜಾರು ಪಾಚಿಗಟ್ಟಿದಾಗ ಎಣ್ಣೆ ಸವರಿದ ಕಲ್ಲಿನಂತಾಗುವುದು. ಜಾರಿದ ಮಗುವಿರಲಿ, ಈಜುಬಲ್ಲ ಗಂಡಸೂ ಮೇಲೆ ಹತ್ತಲಾರನು. ಸುತ್ತಲೂ ಬೇಲಿ, ಬೀಗವುಳ್ಳ ಬಾಗಿಲು, ನಾಲ್ಕು ಮೂಲೆಯಲ್ಲಿ ನೀರಿನವರೆಗೆ ಇಳಿಬಿಟ್ಟ ಗಂಟುಹಗ್ಗ, ತೇಲುವ ಒಂದು ಟ್ಯೂಬು ಇಷ್ಟಿಲ್ಲದೆ ಯಾವ ಅತಿಥಿಯನ್ನೂ ಕರೆಯಲಾಗದು. ಅತಿಥಿಯಿರಲಿ ಇಲ್ಲದಿರಲಿ, ಹೊಂಡವಿರುವ ಮನೆಗೆ ಇಷ್ಟು ಬೇಕೇ ಬೇಕು. ಹೀಗೆ ಕಾಪಿಡದ ಹೊಂಡದಿಂದ ಬಂದ ಲಾಭವು ಯಾವ ತಾಯಿಗೆ ಸಮಾಧಾನವನ್ನು ಕೊಟ್ಟೀತು?

ಬಂದವನಿಗೂ ಧರ್ಮವುಂಟು. ಹಣ ಕೊಟ್ಟ ಮಾತ್ರಕ್ಕೆ ದಡವು ಅವನದಾಗುವುದಿಲ್ಲ. ನೀರು ತರುವ, ಬಟ್ಟೆ ಒಗೆಯುವ ಹೆಂಗಸರಿರುವಲ್ಲಿ ಅವನು ದೂರ ನಿಲ್ಲಬೇಕು. ತುಂಡಾದ ದಾರವನ್ನು ಎಸೆದುಹೋಗದೆ ಆಯ್ದು ಒಯ್ಯಬೇಕು. ಆ ದಾರವು ಕೊಳೆಯದು, ಕೊಕ್ಕರೆಯ ಕಾಲಿಗೂ ಕುರಿಯ ಗೊರಸಿಗೂ ಉರುಲಾಗುವುದು.

ದಾರಿಯನ್ನು ಮುಚ್ಚಿಬಿಡುವುದು ಸುಲಭ, ತೆರೆದುಬಿಡುವುದು ಇನ್ನೂ ಸುಲಭ. ಅಳತೆಯರಿತು ತೆರೆಯುವುದೇ ಕಷ್ಟ. ಕಾಲುವೆಯ ತೂಬನ್ನು ಎಷ್ಟು ಎತ್ತಿದರೆ ಹೊಲ ತಣಿಯುವುದು, ಎಷ್ಟು ಎತ್ತಿದರೆ ಬದು ಕೊಚ್ಚಿಹೋಗುವುದು ಎಂಬುದನ್ನು ಬಲ್ಲ ನಮ್ಮ ಒಕ್ಕಲಿಗರಿಗೆ ಈ ಅಳತೆಯನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲವೆಂದು ನಾವು ನಂಬಿದ್ದೇವೆ.