ವಿಮಾನ ಅಲುಗಾಡಿದಾಗ ಹೆಚ್ಚು ಪೆಟ್ಟು ಬೀಳುವುದು ಯಾರಿಗೆ?

‘ಸಿಂಗಪುರದ ವಿಮಾನ ಗಾಳಿಯಲ್ಲಿ ಆರು ಸಾವಿರ ಅಡಿ ಕುಸಿಯಿತು’ ಎಂಬ ಮಾತು 2024ರ ಮೇ ತಿಂಗಳಲ್ಲಿ ಎಲ್ಲೆಡೆ ಹರಿದಾಡಿತ್ತು. ನಿಜವಾಗಿ ಆಗಿದ್ದೇನು?

ಮೇ 21ರಂದು ಲಂಡನ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ್ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರ್ ಮೇಲೆ ಗಾಳಿಯ ಹೊಡೆತಕ್ಕೆ ಸಿಕ್ಕಿತು. ಒಬ್ಬ ಪ್ರಯಾಣಿಕರು ಮೃತಪಟ್ಟರು, ಹಲವರು ಗಾಯಗೊಂಡರು. ಪ್ರಾಥಮಿಕ ತನಿಖಾ ವರದಿಯ ಪ್ರಕಾರ ವಿಮಾನ ಹಠಾತ್ತನೆ ಇಳಿದದ್ದು 178 ಅಡಿ ಮಾತ್ರ. ಆರು ಸಾವಿರ ಅಡಿ ಇಳಿದದ್ದು ಆಮೇಲೆ, ಪೈಲಟ್‌ಗಳ ಹಿಡಿತದಲ್ಲೇ. ಆದರೆ ಸುಮಾರು ಐದು ಸೆಕೆಂಡಿನ ಆ ಏರಿಳಿತದಲ್ಲಿ ಬೆಲ್ಟ್ ಇಲ್ಲದವರು ಮೇಲಕ್ಕೆ ತೂರಿ, ಮತ್ತೆ ಕೆಳಗೆ ಬಿದ್ದರು.

ಆಕಾಶದಲ್ಲಿ ‘ಗಾಳಿ ಇಲ್ಲದ ಗುಂಡಿ’ ಇದೆಯೇ?

ಇಲ್ಲ. ಗಾಳಿ ಎಲ್ಲೆಡೆ ಇದೆ, ಆದರೆ ಒಂದೇ ಸಮ ಹರಿಯುವುದಿಲ್ಲ. ರಾಯಚೂರಿನ ಬೇಸಿಗೆಯಲ್ಲಿ ಕಾದ ನೆಲದಿಂದ ಬಿಸಿ ಗಾಳಿ ಮೇಲೇಳುತ್ತದೆ. ಮಧ್ಯಾಹ್ನದ ವಿಮಾನಗಳು ಹೆಚ್ಚು ಕುಲುಕುವುದಕ್ಕೆ ಇದೂ ಒಂದು ಕಾರಣ. ಮಳೆ ಮೋಡಗಳು ರೇಡಾರ್‌ನಲ್ಲಿ ಕಾಣುತ್ತವೆ. ಮೋಡವೇ ಇಲ್ಲದ ಕಡೆ ಏಳುವ ಅಲುಗಾಟ ಅದರಲ್ಲಿ ಕಾಣುವುದಿಲ್ಲ.

ವಿಮಾನ ಮುರಿದು ಬೀಳುತ್ತದೆಯೇ?

ಅದು ತೀರಾ ಅಪರೂಪ. ಹಾರಾಟದಲ್ಲಿ ನಿರೀಕ್ಷಿಸುವ ಗರಿಷ್ಠ ಹೊರೆಯ ಒಂದೂವರೆ ಪಟ್ಟು ತಡೆಯುವಂತೆ ರೆಕ್ಕೆಗಳನ್ನು ಕಟ್ಟಿರುತ್ತಾರೆ. ಅಪಾಯ ಇರುವುದು ಒಳಗೆ ನಿಂತವರಿಗೆ.

ಹಾಗಾದರೆ ಪೆಟ್ಟು ಯಾರಿಗೆ?

ದೇವದುರ್ಗ, ಮಾನ್ವಿ ಬಸ್ಸುಗಳಲ್ಲಿ ಓಡಾಡುವವರಿಗೆ ಇದು ಗೊತ್ತು: ಡ್ರೈವರ್ ಥಟ್ಟನೆ ಬ್ರೇಕ್ ಹಾಕಿದರೆ ಕುಳಿತವರು ಮುಗ್ಗರಿಸುತ್ತಾರೆ, ನಿಂತು ಟಿಕೆಟ್ ಕೊಡುವ ಕಂಡಕ್ಟರ್ ಬೀಳುತ್ತಾರೆ. ವಿಮಾನದಲ್ಲಿ ಹಾಗೆ ನಿಂತಿರುವವರು ಗಗನಸಖಿಯರು ಮತ್ತು ಉಳಿದ ಸಿಬ್ಬಂದಿ. ಅವರ ಜೊತೆಗೆ ಊಟದ ಭಾರದ ಗಾಡಿಯೂ ಬಿಸಿ ನೀರೂ ಇರುತ್ತವೆ.

ಅಮೆರಿಕದ ವಿಮಾನಯಾನ ಇಲಾಖೆಯ ಲೆಕ್ಕದಲ್ಲಿ 2009ರಿಂದ 2022ರವರೆಗೆ ಇಂಥ ಅಲುಗಾಟದಿಂದ ಗಂಭೀರವಾಗಿ ಗಾಯಗೊಂಡವರು 163 ಜನ. ಅವರಲ್ಲಿ 129 ಜನ ಸಿಬ್ಬಂದಿ. ಸುಮಾರು 180 ಸೀಟಿನ ವಿಮಾನದಲ್ಲಿ ಕ್ಯಾಬಿನ್ ಸಿಬ್ಬಂದಿ ಸಾಮಾನ್ಯವಾಗಿ ನಾಲ್ಕೇ ಜನ ಎಂಬುದನ್ನು ನೆನೆದರೆ ಈ ಸಂಖ್ಯೆಯ ತೂಕ ತಿಳಿಯುತ್ತದೆ. ನಮ್ಮ ದೇಶದಲ್ಲೂ 2022ರ ಮೇ 1ರಂದು ಮುಂಬೈ–ದುರ್ಗಾಪುರ ಸ್ಪೈಸ್‌ಜೆಟ್ ವಿಮಾನದಲ್ಲಿ ಪ್ರಯಾಣಿಕರ ಜೊತೆ ಮೂವರು ಸಿಬ್ಬಂದಿ ಗಾಯಗೊಂಡಿದ್ದರು.

ತೊಂದರೆ ಹೆಚ್ಚುತ್ತಿದೆಯೇ?

ಕೆಲವು ಮಾರ್ಗಗಳಲ್ಲಿ ಹೌದು. ಉತ್ತರ ಅಟ್ಲಾಂಟಿಕ್ ಮೇಲೆ ಮೋಡವಿಲ್ಲದ ಕಡೆಯ ತೀವ್ರ ಅಲುಗಾಟ 1979ರಿಂದ 2020ರ ನಡುವೆ ಶೇ 55ರಷ್ಟು ಹೆಚ್ಚಿದೆ ಎಂದು ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಅಧ್ಯಯನ 2023ರಲ್ಲಿ ಹೇಳಿತು. ಹವಾಮಾನ ಬದಲಾವಣೆಯ ಜೊತೆ ಇದು ಹೊಂದಿಕೆಯಾಗುತ್ತದೆ ಎನ್ನುತ್ತಾರೆ ಆ ಸಂಶೋಧಕರು.

ನಾವು ಏನು ಮಾಡಬಹುದು?

ಹೈದರಾಬಾದಿನಲ್ಲಿ ವಿಮಾನ ಹತ್ತಿದಾಗ, ಸೂಚನಾ ದೀಪ ಆರಿದ್ದರೂ ಕುಳಿತಷ್ಟು ಹೊತ್ತು ಬೆಲ್ಟ್ ಹಾಕಿಕೊಂಡೇ ಇರೋಣ. ಬೆಲ್ಟ್ ಇಲ್ಲದೆ ತೂರಿದವರು ಪಕ್ಕದವರ ಮೇಲೂ ಬೀಳುತ್ತಾರೆ. ದೀಪ ಹೊತ್ತಿದಾಗ ಚಹಾಕ್ಕಾಗಿ ಬೆಲ್ ಒತ್ತುವುದು ಬೇಡ. ‘ಊಟ ಕೊಡುವುದು ನಿಲ್ಲಿಸಿದ್ದೇವೆ’ ಎಂದರೆ ಸಿಟ್ಟಾಗುವುದೂ ಬೇಡ. ಅವರೂ ಕುಳಿತು ಬೆಲ್ಟ್ ಹಾಕಿಕೊಳ್ಳಬೇಕಾದ ಹೊತ್ತು ಅದು.