ಮಾತ್ರೆ ಕೊಟ್ಟ ಅಮ್ಮನನ್ನು ದೂರುವ ಮೊದಲು

‘ಇಷ್ಟು ಚಿಕ್ಕ ಮಗುವಿಗೆ ಮನೋರೋಗದ ಮಾತ್ರೆಯೇ?’ ಒಸಿಡಿ ಇರುವ ಮಗುವಿನ ಹೆತ್ತವರಿಗೆ ಈ ಪ್ರಶ್ನೆ ಎದುರಾಗುವುದು ನೆಂಟರಿಂದ, ನೆರೆಯವರಿಂದ, ಈಗೀಗ ನಮ್ಮಂಥ ಓದಿಕೊಂಡವರಿಂದಲೂ. ಕೇಳುವವರಿಗೆ ಅದು ಕಾಳಜಿ, ಕೇಳಿಸಿಕೊಳ್ಳುವವರಿಗೆ ತೀರ್ಪು. ಈ ತೀರ್ಪಿನ ಬಗ್ಗೆ ನನಗೆ ತಕರಾರಿದೆ.

ಮೊದಲ ತಕರಾರು ನಮ್ಮ ಮಾತಿನ ಮೇಲೆ. ಒಸಿಡಿಯನ್ನು ಕನ್ನಡದಲ್ಲಿ ‘ಗೀಳು ರೋಗ’ ಎನ್ನುತ್ತೇವೆ. ಆದರೆ ಗೀಳು ಎಂದರೆ ನಮಗೆ ಸಿನಿಮಾ ಗೀಳು, ಕ್ರಿಕೆಟ್ ಗೀಳು: ಇಷ್ಟಪಟ್ಟು ಹಚ್ಚಿಕೊಂಡದ್ದು, ಗದರಿಸಿ ಬಿಡಿಸಬಹುದಾದದ್ದು. ಕಾಯಿಲೆ ಇದಕ್ಕೆ ತದ್ವಿರುದ್ಧ. ಕೈ ತೊಳೆಯದಿದ್ದರೆ ಅಮ್ಮ ಸಾಯುತ್ತಾಳೆ ಎಂಬ ಯೋಚನೆ ಮಗುವಿಗೆ ಬೇಡವೆಂದರೂ ಬರುತ್ತದೆ. ತೊಳೆದರೆ ಅರೆಗಳಿಗೆ ನೆಮ್ಮದಿ, ಮತ್ತೆ ಅದೇ ಭಯ. ಚರ್ಮ ಬಿರಿದು ರಕ್ತ ಬಂದರೂ ನಿಲ್ಲಿಸಲಾಗದು. ‘ಅಜ್ಜಿಯ ಮಡಿ ಬಂದಿದೆ’ ಎಂದು ನಗುವವರು, ಪುಸ್ತಕದ ಕಪಾಟು ಜೋಡಿಸಿ ‘ನಂಗೂ ಸ್ವಲ್ಪ ಒಸಿಡಿ’ ಎನ್ನುವವರು ಇದನ್ನು ಕಂಡಿರಲಾರರು.

ಎರಡನೆಯದು ನನ್ನದೇ ಓಣಿಯ ಮೇಲೆ. ಸಾಹಿತ್ಯದ ಸಂಶೋಧನಾ ವಿದ್ಯಾರ್ಥಿಯಾಗಿ ನಾನು ಕೂರುವ ವಿಚಾರ ಸಂಕಿರಣಗಳಲ್ಲಿ ಹುಚ್ಚು ಎಂದರೆ ಪ್ರತಿರೋಧ, ಔಷಧ ಎಂದರೆ ಅಧಿಕಾರ. ಫುಕೋ 1961ರಲ್ಲಿ ಪ್ರಕಟಿಸಿದ ಹುಚ್ಚಿನ ಚರಿತ್ರೆಯನ್ನು ನಾನೂ ಓದಿದ್ದೇನೆ. ಚಿಕಿತ್ಸೆಯ ಹೆಸರಿನಲ್ಲಿ ಜನರನ್ನು ಕೂಡಿಹಾಕಿದ್ದು ಸುಳ್ಳಲ್ಲ. ಆದರೆ ಒಂಬತ್ತು ವರ್ಷದ ಮಗು ಎರಡು ಗಂಟೆ ಬಚ್ಚಲಿನಿಂದ ಹೊರಬರಲಾಗದೆ ಅಳುವುದರಲ್ಲಿ ಯಾವ ಬಂಡಾಯವಿದೆ? ಅದನ್ನು ಅಲ್ಲಿ ಕೂಡಿಹಾಕಿರುವುದು ಕಾಯಿಲೆ.

ಹಾಗೆಂದು ಹೆತ್ತವರ ಅಂಜಿಕೆ ಮೂಢತನವಲ್ಲ. ಈ ಕಾಯಿಲೆಗೆ ಕೊಡುವ ಸರ್ಟ್ರಾಲಿನ್, ಫ್ಲುವೊಕ್ಸಮಿನ್‌ಗಳು ಖಿನ್ನತೆಗೂ ಕೊಡುವ ಗುಂಪಿನ ಮಾತ್ರೆಗಳು. ಈ ಬಗೆಯ ಮಾತ್ರೆಗಳಿಂದ ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆಯನ್ನು ಕಪ್ಪು ಚೌಕಟ್ಟಿನಲ್ಲಿ ಅಚ್ಚುಹಾಕಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಆದೇಶಿಸಿತು. ಅದು ಪರಿಶೀಲಿಸಿದ ಪ್ರಯೋಗಗಳಲ್ಲಿ ಅಂಥ ಯೋಚನೆ, ವರ್ತನೆ ಕಂಡದ್ದು ಮಾತ್ರೆ ನುಂಗಿದವರಲ್ಲಿ ಶೇ. 4, ಹುಸಿಮಾತ್ರೆ ನುಂಗಿದವರಲ್ಲಿ ಶೇ. 2. ಆತ್ಮಹತ್ಯೆ ಒಂದೂ ಆಗಿರಲಿಲ್ಲ. ಆದ್ದರಿಂದ ಮೊದಲ ವಾರಗಳಲ್ಲಿ, ಡೋಸ್ ಬದಲಿಸಿದಾಗಲೆಲ್ಲ ಮಗುವಿನ ಮೇಲೆ ಕಣ್ಣಿಡಲೇಬೇಕು. ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಲೂ ಬಾರದು.

ಅದೇ ವರ್ಷ ಒಸಿಡಿ ಇದ್ದ 112 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಅದರಲ್ಲಿದ್ದ ಥೆರಪಿಯ ತಿರುಳು ಇಷ್ಟು: ಭಯವನ್ನು ಸ್ವಲ್ಪ ಸ್ವಲ್ಪವೇ ಎದುರಿಸುವುದು, ತೊಳೆಯದೆ ತಡೆದುಕೊಳ್ಳಲು ಕಲಿಯುವುದು. 12 ವಾರಗಳ ಕೊನೆಗೆ ಕಾಯಿಲೆ ಹೆಚ್ಚುಕಡಿಮೆ ಹಿಮ್ಮೆಟ್ಟಿದ್ದು ಥೆರಪಿ, ಸರ್ಟ್ರಾಲಿನ್ ಎರಡೂ ಸಿಕ್ಕವರಲ್ಲಿ ಶೇ. 54, ಬರೀ ಥೆರಪಿ ಸಿಕ್ಕವರಲ್ಲಿ ಶೇ. 39, ಬರೀ ಮಾತ್ರೆ ಸಿಕ್ಕವರಲ್ಲಿ ಶೇ. 21, ಹುಸಿಮಾತ್ರೆಯವರಲ್ಲಿ ಶೇ. 4ರಷ್ಟು ಮಕ್ಕಳಿಗೆ. ಕಾಯಿಲೆ ಸೌಮ್ಯವಾಗಿದ್ದರೆ ಥೆರಪಿಯೇ ಮೊದಲು, ತೀವ್ರವಾಗಿದ್ದರೆ ಜೊತೆಗೆ ಮಾತ್ರೆಯೂ ಎಂದು ವೈದ್ಯರು ಹೇಳುವುದು ಸುಮ್ಮನಲ್ಲ.

ಈಗ ನನ್ನ ಕೊನೆಯ ತಕರಾರು. ‘ಮೊದಲು ಥೆರಪಿ ಮಾಡಿಸಿ’ ಎನ್ನುವವರು ಎಲ್ಲಿ ಎಂಬುದನ್ನೂ ಹೇಳಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಕ್ಲಿನಿಕ್ ಇದೆ. ನನ್ನ ಅಕ್ಕನ ತಾಲ್ಲೂಕಿನಲ್ಲಿ ಮಕ್ಕಳಿಗೆ ಈ ಥೆರಪಿ ಕೊಡುವವರು ಒಬ್ಬರೂ ಇಲ್ಲ. ವಾರವಾರ ರಾತ್ರಿ ಬಸ್ಸು ಹತ್ತಿದರೆ ಅವಳ ಕೂಲಿ ಹೋಗುತ್ತದೆ, ಮಗನ ಶಾಲೆ ಹೋಗುತ್ತದೆ. ಅವಳು ಮಾತ್ರೆ ಶುರುಮಾಡಿಸಿದಾಗ ‘ಹೆತ್ತವಳೇ ಹೀಗೆ ಮಾಡೋದಾ’ ಎಂದವರಲ್ಲಿ ಒಬ್ಬರೂ ಬಸ್ ಚಾರ್ಜಿಗೆ ಕೈ ಚಾಚಲಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ರೂಪುಗೊಂಡದ್ದು 1980ರ ದಶಕದಲ್ಲಿ, ನಮ್ಮದೇ ಬಳ್ಳಾರಿಯಲ್ಲಿ ಎಂಬುದನ್ನು ನೆನೆದರೆ ಇನ್ನಷ್ಟು ಬೇಸರವಾಗುತ್ತದೆ.

ಮಾತ್ರೆಯ ಬಗ್ಗೆ ಅನುಮಾನವಿರಲಿ, ವೈದ್ಯರನ್ನು ಪ್ರಶ್ನಿಸುವ ಹಕ್ಕೂ ಇರಲಿ. ಆದರೆ ತಾಲ್ಲೂಕು ಆಸ್ಪತ್ರೆಗೆ ಥೆರಪಿಸ್ಟ್ ಬೇಕೆಂದು ಒಂದು ಅರ್ಜಿಯನ್ನೂ ಬರೆಯದವರಿಗೆ, ಸಿಕ್ಕ ಒಂದೇ ಚಿಕಿತ್ಸೆಯನ್ನು ಹಿಡಿದುಕೊಂಡ ಅಮ್ಮನನ್ನು ದೂರುವ ಹಕ್ಕಿಲ್ಲ.