ಕಾಣದವರಿಗೂ ಮುಟ್ಟಲಿ ಶರಣರ ಚಿತ್ರ

ಬೆಳಗಾದರೆ ನಮ್ಮ ಬಳಗದ ವಾಟ್ಸಾಪ್‌ನಲ್ಲಿ ವಚನದ ಚಿತ್ರಗಳು ಸಾಲುಗಟ್ಟುತ್ತವೆ. ರಾಯಚೂರಿನಿಂದ ದೇವದುರ್ಗ, ಮಾನ್ವಿಯ ಹಳ್ಳಿಗಳವರೆಗೆ ಕಳಿಸುವವರಲ್ಲಿ ನಾನೂ ಒಬ್ಬ. ಒಂದು ದಿನ ಮಾನ್ವಿಯ ಅಂಧ ಶರಣರೊಬ್ಬರು ಫೋನ್ ಮಾಡಿದರು. "ಅಣ್ಣಾರ, ನೀವು ಕಳಿಸಿದ್ದಕ್ಕ ನನ್ನ ಫೋನು ಬರೇ 'ಫೋಟೊ' ಅಂತದ. ಅದ್ರಾಗ ಏನದ ಹೇಳ್ರಿ." ಅವರ ಮೊಬೈಲು ಟೈಪ್ ಮಾಡಿದ್ದನ್ನು ಓದಿ ಹೇಳುತ್ತದೆ, ಚಿತ್ರದೊಳಗಿನ ವಚನ ಅದಕ್ಕೆ ದಕ್ಕಿರಲಿಲ್ಲ.

ವಚನದ ಹಿಂದಿದ್ದುದು ಅನುಭವ ಮಂಟಪದ ಚಿತ್ರ. ಫೋನಿನಲ್ಲೇ ವಿವರಿಸತೊಡಗಿದೆ: ನಡುವೆ ಅಲ್ಲಮಪ್ರಭು, ಪಕ್ಕದಲ್ಲಿ ಬಸವಣ್ಣ, ಚನ್ನಬಸವಣ್ಣ, ಒಂದು ಬದಿಗೆ ಅಕ್ಕಮಹಾದೇವಿ. "ಲಕ್ಕಮ್ಮತಾಯಿ ಎಲ್ಲಿ ಕುಂತಾರ್ರಿ?" ಎಂದರು. ನಮ್ಮದೇ ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಲಕ್ಕಮ್ಮ ಅದರಲ್ಲಿರಲಿಲ್ಲ. ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯ, ಸೂಳೆ ಸಂಕವ್ವೆಯೂ ಇರಲಿಲ್ಲ. ಎಷ್ಟೋ ಸಲ ಕಳಿಸಿದ ಚಿತ್ರ; ನನಗೆ ಹೊಳೆದೇ ಇರಲಿಲ್ಲ.

ಮಾಹಿತಿ ಅಂಗವಿಕಲರಿಗೂ ದಕ್ಕುವಂತಿರಬೇಕು ಎಂದು 2016ರ ಕಾಯ್ದೆ ಹೇಳುತ್ತದೆ. ಕಾಯ್ದೆ ಹಾಗಿರಲಿ, ದಾಸೋಹದಲ್ಲಿ ಪಂಕ್ತಿಭೇದ ಒಪ್ಪದ ನಾವು ಇಲ್ಲಿ ಮಾಡುತ್ತಿರುವುದೇನು? ಮಠಗಳಲ್ಲಿ ಪೋಸ್ಟರ್ ಮಾಡುವ ಯುವಕರೇ, ವಚನವನ್ನು ಚಿತ್ರದ ಕೆಳಗೆ ಟೈಪ್ ಕೂಡ ಮಾಡಿ. ಚಿತ್ರದಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಎರಡು ಸಾಲು ಬರೆಯಿರಿ. ಬರೆಯುವಾಗ ಯಾರಿಲ್ಲ ಎಂಬುದೂ ತಿಳಿಯುತ್ತದೆ. ಗೋಷ್ಠಿಯ ಆಹ್ವಾನಕ್ಕೂ ಇದೇ ಮಾತು; ಕಳೆದ ಸಲ ನಮ್ಮ ಶಿವಾನುಭವ ಗೋಷ್ಠಿ ನಡೆದದ್ದು ಆ ಶರಣರಿಗೆ ಗೊತ್ತಾದದ್ದು ಮರುದಿನ.